ಮುಟ್ಟಿದರೆ ಓಡುವ ಮದುಮಗ

ನನ್ನ ಚಿಕ್ಕಮ್ಮನ ಮಗನ ಮದುವೆ ನಡೆದದ್ದು 2020ರಲ್ಲಿ. ಮದುವೆಗೆ 50 ಜನ ಮೀರಬಾರದು ಅಂತ ಆಗ ನಿಯಮ. ನಮ್ಮ ಮನೆ ಮದುವೆಗಳಲ್ಲಿ ಬಡಿಸೋದಕ್ಕೇ ಅಷ್ಟು ಜನ ಬೇಕು. ಬರೋದು ಬೇಡ, ಕರೆಯೋದಾದರೂ ಎಲ್ಲರನ್ನೂ ಕರೆಯೋಣ ಅಂತ ಆಮಂತ್ರಣದ ವೆಬ್ ಪೇಜ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ನಾನೊಬ್ಬನೇ ಅಲ್ವಾ.

ವೆಬ್ ಪೇಜಿನ ಅಂದಚಂದ ಹೇಳುವ ಭಾಷೆ ಸಿಎಸ್‌ಎಸ್. ಅದನ್ನು ಬರೆಯೋದು ಸುಲಭ ಮಾಡುವ ಸ್ಯಾಸ್‌ನಲ್ಲಿ ನಾನು ಬರೆದೆ. ಅದರಲ್ಲಿ ಮಿಕ್ಸಿನ್ ಅಂತ ಒಂದು ಸೌಕರ್ಯ. ಸಾರಿನ ಪುಡಿ ಇದ್ದ ಹಾಗೆ: ಒಂದು ಸಲ ಮಾಡಿಟ್ಟರೆ ಬೇಕಾದಾಗ ಒಂದು ಚಮಚ ಹಾಕಿಕೊಳ್ಳಬಹುದು. "ಮಿಕ್ಸಿನ್ ಕೈಕೊಟ್ಟಿದೆ" ಅಂತ ನಾನು ಆಮೇಲೆ ಗೊಣಗಿದಾಗ, "ಜಾರ್ ಸರಿಯಾಗಿ ಕೂತಿಲ್ಲ, ನೋಡು" ಅಂದರು ಅಮ್ಮ. ಅಮ್ಮನದು ಪೂರ್ತಿ ತಪ್ಪೂ ಅಲ್ಲ. ಈ ಹೆಸರು ಬಂದಿದ್ದೇ ಅಮೆರಿಕದ ಸಾಮರ್‌ವಿಲ್ ಊರಿನ ಒಂದು ಐಸ್‌ಕ್ರೀಮ್ ಅಂಗಡಿಯಿಂದ. ಗಿರಾಕಿ ಕೇಳಿದ್ದನ್ನು ಐಸ್‌ಕ್ರೀಮಿಗೆ ಬೆರೆಸಿ ಕೊಡೋದಕ್ಕೆ ಅಲ್ಲಿ ಮಿಕ್ಸ್-ಇನ್ ಅಂತಿದ್ದರು.

ನನ್ನ ಹತ್ತಿರ ಎರಡು ಮಿಕ್ಸಿನ್ ಇದ್ದವು. ಒಂದು ಫೋಟೋವನ್ನು ನಟ್ಟನಡುವೆ ಕೂರಿಸೋದು. ಇನ್ನೊಂದು, ಫೋಟೋ ಮುಟ್ಟಿದಾಗ ಅದನ್ನು 5 ಡಿಗ್ರಿ ವಾಲಿಸೋದು. ಪೇಜ್ ತೆರೆದು ನೋಡಿದೆ. ಪೇಟ ತೊಟ್ಟ ಮದುಮಗ ಮಂಟಪದ ಚಿತ್ರದ ನಡುವೆ ಗಂಭೀರವಾಗಿ ನಿಂತಿದ್ದ. ಸಂತೋಷವಾಗಿ ವಾಟ್ಸಾಪ್‌ನಲ್ಲಿ ಹರಿಬಿಟ್ಟೆ. ನೋಡಿದ್ದೆ, ಮುಟ್ಟಿರಲಿಲ್ಲ.

ಹತ್ತು ನಿಮಿಷಕ್ಕೆ ದೊಡ್ಡಮಾವನ ಫೋನು. "ಏನಯ್ಯಾ, ಹುಡುಗನ್ನ ಮುಟ್ಟಿದರೆ ಓಡಿಹೋಗ್ತಾನಲ್ಲ!"

ಮುಟ್ಟಿದೆ. ನಿಜವಾಗಿಯೂ ಓಡಿದ. ಬಲಗಡೆ ಕೆಳಮೂಲೆಗೆ, ಅರ್ಧ ಮುಖ ಪರದೆಯಾಚೆ. ವಧುವಿನ ಕಡೆಯವರಿಗೂ ಲಿಂಕ್ ಹೋಗಿತ್ತು.

ಆಗಿದ್ದಿಷ್ಟು. ನಡುವೆ ಕೂರಿಸೋದಕ್ಕೆ ಮೊದಲ ಮಿಕ್ಸಿನ್ ಫೋಟೋದ ಎಡ ಮೇಲ್ಮೂಲೆಯನ್ನು ನಡುವಿಗೆ ತಂದು, ಆಮೇಲೆ ಬಳಸಿದ್ದು ಟ್ರಾನ್ಸ್‌ಫಾರ್ಮ್ ಅನ್ನೋ ಆದೇಶ, ಅಡ್ಡ-ಉದ್ದ ಮೈನಸ್ 50 ಪರ್ಸೆಂಟ್, ಅಂದರೆ ಫೋಟೋದ ಅರ್ಧದಷ್ಟು ಎಡಕ್ಕೂ ಮೇಲಕ್ಕೂ ಸರಿಸು ಅಂತ. ವಾಲಿಸೋದಕ್ಕೆ ಎರಡನೆಯದು ಬಳಸಿದ್ದೂ ಅದೇ ಟ್ರಾನ್ಸ್‌ಫಾರ್ಮ್. ಎರಡೂ ಸೇರಿಕೊಳ್ಳುತ್ತವೆ ಅಂದುಕೊಂಡಿದ್ದೆ. ಸಿಎಸ್‌ಎಸ್‌ನಲ್ಲಿ ಅದು ಒಂದೇ ಸ್ಲೇಟು. ಎರಡನೆಯವನು ಬರೆಯುವ ಮುಂಚೆ ಮೊದಲನೆಯವನದನ್ನು ಪೂರ್ತಿ ಒರೆಸುತ್ತಾನೆ. ಸ್ಯಾಸ್ ಚಕಾರ ಎತ್ತಲಿಲ್ಲ. ಅದರ ಲೆಕ್ಕದಲ್ಲಿ ತಪ್ಪೇ ಇಲ್ಲವಲ್ಲ.

ಎರಡನ್ನೂ ಒಂದೇ ಸಾಲಲ್ಲಿ ಬರೆಯಬೇಕು ಅಂತ ಹೊಳೆಯಿತು. ಎಷ್ಟು ಆದೇಶ ಬೇಕಾದರೂ ತುಂಬಿಕೊಳ್ಳುವ ಹೊಸ ಮಿಕ್ಸಿನ್ ಮಾಡಿದೆ. ಮೊದಲು ವಾಲಿಸು, ಆಮೇಲೆ ಸರಿಸು ಅಂತ ಕೊಟ್ಟೆ. ಮದುಮಗ ಓಡಲಿಲ್ಲ, ಆದರೆ ಸುಮ್ನೆ ನಿಲ್ಲಲೂ ಇಲ್ಲ. 300 ಪಿಕ್ಸೆಲ್ ಫೋಟೋ ಸುಮಾರು 13 ಪಿಕ್ಸೆಲ್ ಬಲಕ್ಕೆ, ಅಷ್ಟೇ ಮೇಲಕ್ಕೆ ಜಾರುತ್ತಿತ್ತು, ಯಾರೋ ತಳ್ಳಿದ ಹಾಗೆ. ಮೊದಲು ವಾಲಿಸಿದರೆ ಮೇಲೆ-ಕೆಳಗೆ ಅನ್ನೋ ದಿಕ್ಕುಗಳೇ ವಾಲಿಬಿಡುತ್ತವೆ. ಸರಿಸಿದ್ದು ಓರೆಯಾಗಿ ಸರಿಯುತ್ತದೆ. ಒಗ್ಗರಣೆ ಮೊದಲೋ, ಎಣ್ಣೆ ಮೊದಲೋ ಅಂತ ಗೊತ್ತಿಲ್ಲದವನ ಸಾರು ಇದು. ಸರಿಸಿ, ಆಮೇಲೆ ವಾಲಿಸು ಅಂತ ಅದಲು ಬದಲು ಮಾಡಿದೆ. ಸರಿಹೋಯಿತು. ರಾತ್ರಿ ಒಂದು ಗಂಟೆ.

(2022ರ ಹೊತ್ತಿಗೆ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಸರಿಸೋದು, ತಿರುಗಿಸೋದು, ಹಿಗ್ಗಿಸೋದಕ್ಕೆ ಬೇರೆ ಬೇರೆ ಪ್ರಾಪರ್ಟಿಗಳೇ, ಅಂದರೆ ಬೇರೆ ಬೇರೆ ಸ್ಲೇಟುಗಳೇ ಬಂದವು. ಮದುವೆಯಾಗಿ ಎರಡು ವರ್ಷದ ಮೇಲೆ.)

ಬೆಳಿಗ್ಗೆ ಮಾವನಿಗೆ ನಾನೇ ಫೋನ್ ಮಾಡಿ, ಈಗ ಮುಟ್ಟಿ ನೋಡಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಓಡ್ತಾ ಇಲ್ಲ. ಆದರೆ ಫೋಟೋ ಸೊಟ್ಟ ಆಗ್ತಿದೆಯಲ್ಲೋ. ಸ್ವಲ್ಪ ನೆಟ್ಟಗೆ ಮಾಡು."

ವಾಲಿಸುವ ಸಾಲನ್ನೇ ಅಳಿಸಿಹಾಕಿ ಕಾಫಿಗೆ ಎದ್ದೆ.