ಬಳ್ಳಾರಿಯ ಧೂಳಿನಲ್ಲಿ ಬಿಳಿಯ ಕಾರು
ನಿಜವಾದ ಕಾರಿನ 1/24 ಅಳತೆಯ ಪ್ಲಾಸ್ಟಿಕ್ ಮಾದರಿ ಕಾರನ್ನು ಜೋಡಿಸುವುದು ಬಳ್ಳಾರಿಯಲ್ಲಿ ಕಷ್ಟವೇನಲ್ಲ. ಅದಕ್ಕೆ ಬಣ್ಣ ಹೊಡೆಯುವುದೇ ಶಿಕ್ಷೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಹೊರಟ, ಬೇಗ ಆರುವ ಲ್ಯಾಕರ್ ಬಣ್ಣದ ಹನಿಗಳು ಕಾರಿನ ಮೈ ಮುಟ್ಟುವಷ್ಟರಲ್ಲೇ ಅರೆ ಒಣಗಿ, ಹೊಳೆಯಬೇಕಾದ ಬಾನೆಟ್ಟು ತರಿತರಿಯಾಗಿಬಿಡುತ್ತದೆ. ಬಣ್ಣವನ್ನು ತೆಳುಮಾಡುವ, ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೆ ಈ ಕಾಟವೇನೋ ತಗ್ಗುತ್ತದೆ, ಆದರೆ ಬಣ್ಣ ಹೆಚ್ಚು ಹೊತ್ತು ಹಸಿಯಾಗಿರುವುದರಿಂದ, ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳು ಕಿಟಕಿಯ ಸಂದಿನಿಂದ ನುಸುಳಿ ಬಂದು ಅದರ ಮೇಲೆಯೇ ಕೂರುತ್ತದೆ. ಕಾರು ಕೆಂಪಾಗಿದ್ದರೆ ಹೇಗೋ ಸಹಿಸಬಹುದು. ಬಿಳಿಯದಾದರೆ ಒಂದೇ ಕಣವೂ ಕಣ್ಣಿಗೆ ಚುಚ್ಚುತ್ತದೆ. ಅದನ್ನು 2000 ಗ್ರಿಟ್‌ನ ಅತಿ ನಯವಾದ ಮರಳುಕಾಗದದಿಂದ ಉಜ್ಜಹೋದರೆ ಬಾಗಿಲಿನ ಅಂಚಿನಲ್ಲಿ ಬಣ್ಣವೇ ಸವೆದು ಪ್ಲಾಸ್ಟಿಕ್ಕು ಇಣುಕುತ್ತದೆ. ಮಳೆಗಾಲಕ್ಕೆ ಕಾಯಿರಿ ಎನ್ನುವವರಿಗೆ, ತೇವ ಹೆಚ್ಚಿದಾಗ ಇದೇ ಲ್ಯಾಕರ್ ಮಂಕಾಗಿ ಬಿಳಿಚಿಕೊಳ್ಳುತ್ತದೆ ಎಂಬುದನ್ನು ಯಾರು ಹೇಳಬೇಕು?