ಪಕ್ಕದ ಬ್ರಹ್ಮಾಂಡಕ್ಕೆ ಒಬ್ಬ ಬಡಪಾಯಿ ಬೇಕಾಗಿದ್ದಾನೆ

ನಾಸಾದವರು ಸಮಾನಾಂತರ ವಿಶ್ವವನ್ನೇ ಪತ್ತೆಹಚ್ಚಿದರೆಂಬ 2020ರ ಆ ಸುದ್ದಿ ವಾಟ್ಸಾಪ್‌ನಲ್ಲಿ ಮತ್ತೆ ಎದ್ದು ಕೂತಿದೆ. ಅಲ್ಲಿ ಕಾಲ ಹಿಂದಕ್ಕೆ ಓಡುತ್ತದಂತೆ. ಸುದ್ದಿ ಮಾತ್ರ ಫಾರ್ವರ್ಡ್ ಆಗುತ್ತಲೇ ಇದೆ.

ನಡೆದದ್ದಿಷ್ಟು. ಅಂಟಾರ್ಕ್ಟಿಕಾದ ಮೇಲೆ ಬಲೂನಿಗೆ ಕಟ್ಟಿದ್ದ ಅನಿಟಾ ಎಂಬ ಆಂಟೆನಾ ಗೊಂಚಲು ಕೆಲವು ರೇಡಿಯೊ ಮಿಡಿತಗಳನ್ನು ಹಿಡಿಯಿತು. ಮೇಲಿಂದ ಬಂದು ಮಂಜುಗಡ್ಡೆಗೆ ಬಡಿದು ವಾಪಸಾದ ಅಲೆ ತಲೆಕೆಳಗಾಗಿರಬೇಕು, ಎರಡು ಹಾಗಿರಲಿಲ್ಲ, ನೆಲದಡಿಯಿಂದಲೇ ಎದ್ದು ಬಂದಂತಿದ್ದವು. ಮಂಜಿನೊಳಗಿನ ಪದರಗಳ ಕಿತಾಪತಿಯೇ ಎಂದು ವಿಜ್ಞಾನಿಗಳು ತಲೆ ಕೆರೆದುಕೊಳ್ಳುವಷ್ಟರಲ್ಲಿ ಸುದ್ದಿಮನೆಯವರು ಬ್ರಹ್ಮಾಂಡವನ್ನೇ ಹಡೆದು ನಾಮಕರಣವನ್ನೂ ಮುಗಿಸಿದ್ದರು.

ಬ್ರಹ್ಮಾಂಡ ಸಿಕ್ಕ ಮೇಲೆ ಅಲ್ಲಿಗೆ ಅಟ್ಟಲು ಮನುಷ್ಯ ಬೇಡವೇ? ಕತೆಗಾರರ ಬಳಿ ಸಿದ್ಧವಾಗಿರುತ್ತಾನೆ: ಅನಾಥ, ಇಲ್ಲವೇ ಕೈದಿ. ಕುರ್ಚಿಗೆ ಬಿಗಿದು, ನೆತ್ತಿಗೆ ವೈರು ಅಂಟಿಸಿ, ಹಿಡಿಕೆ ಎಳೆದರೆ ಝಗ್ಗನೆ ನೀಲಿ ಬೆಳಕು. ಆಸಾಮಿ ಮಾಯ. ಲೆಕ್ಕ ಕೇಳಬಾರದು. 70 ಕಿಲೋ ತೂಗುವ ಆಳು ಈ ವಿಶ್ವದ ಖಾತೆಯಿಂದ ಹಾರಿಹೋದರೆ, ಐನ್‌ಸ್ಟೈನ್ ಸೂತ್ರದಂತೆ ಸುಮಾರು 1,500 ಮೆಗಾಟನ್ ಟಿಎನ್‌ಟಿಯಷ್ಟು ಶಕ್ತಿಗೆ ಜಮಾಖರ್ಚು ತೋರಿಸಬೇಕು. ಅಂದರೆ ಹಿರೋಷಿಮಾದ ಬಾಂಬು, ಒಂದು ಲಕ್ಷ. ಕತೆಯಲ್ಲಿ ಹೋಗುವುದು ಒಂದು ಫ್ಯೂಸ್.

ಸಾಕ್ಷಿಗೆ ಬಹುಲೋಕ ಸಿದ್ಧಾಂತದ ಭೌತವಿಜ್ಞಾನಿ ಹ್ಯೂ ಎವರೆಟ್‌ನನ್ನು ಕರೆಯುತ್ತಾರೆ, ಪಾಪ. 1957ರ ಅವನ ಸಿದ್ಧಾಂತದಲ್ಲಿ ಕವಲೊಡೆದ ಲೋಕಗಳ ನಡುವೆ ಹೋಗಿಬರುವ ದಾರಿಯೇ ಇಲ್ಲ. ಆದರೂ ಪಕ್ಕದ ಲೋಕದ ನಮ್ಮ ಪ್ರತಿರೂಪ ಎಂಥ ಚೆಂದದ ಕಂಟ್ರೋಲ್ ಗ್ರೂಪ್! ಅದೇ ವಂಶವಾಹಿ, ಅದೇ ಬಾಲ್ಯ, ಅದೇ ಹಲ್ಲುನೋವು. ಒಬ್ಬನಿಗೆ ಮದ್ದು, ಇನ್ನೊಬ್ಬನಿಗೆ ಸಕ್ಕರೆ ಗುಳಿಗೆ. ಫಲಿತಾಂಶ ತರಲು ಮಾತ್ರ ಯಾರೂ ಇಲ್ಲ. ಒಪ್ಪಿಗೆ ಪತ್ರಕ್ಕೆ ಇಲ್ಲಿಯವನು ಸಹಿ ಹಾಕಿ, ಅಲ್ಲಿಯವನು ಒಲ್ಲೆ ಎಂದರೆ? ಕತೆಗಾರರಿಗೆ ಆ ತಲೆನೋವಿಲ್ಲ. ಅವರ ಪ್ರಯೋಗಾಲಯದಲ್ಲಿ ಒಪ್ಪಿಗೆ ಪತ್ರವೇ ಇರುವುದಿಲ್ಲ.

ಅಮೆರಿಕದ ಅಲಬಾಮಾದ ಟಸ್ಕೆಗೀ ಎಂಬ ಊರಲ್ಲಿ ನಡೆದ ನಿಜವಾದ ಪ್ರಯೋಗದಲ್ಲೂ ಇರಲಿಲ್ಲ. ನೀಲಿ ಬೆಳಕೂ ಇರಲಿಲ್ಲ. 1932ರಿಂದ 1972ರವರೆಗೆ, 40 ವರ್ಷ, ಅಲ್ಲಿನ ಸರ್ಕಾರಿ ವೈದ್ಯರು ಸಿಫಿಲಿಸ್ ಎಂಬ ಲೈಂಗಿಕ ರೋಗ ತಗುಲಿದ 399 ಕಪ್ಪು ಗಂಡಸರು ಹೇಗೆ ಸಾಯುತ್ತಾರೆಂದು ನೋಡುತ್ತಾ ಕೂತರು. ಕಾಯಿಲೆಯ ಹೆಸರು ಹೇಳಲಿಲ್ಲ, ‘ಕೆಟ್ಟ ರಕ್ತ’ ಎಂದರು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವುದನ್ನೇ ವಿಶೇಷ ಚಿಕಿತ್ಸೆ ಎಂದು ನಂಬಿಸಿದರು. 1947ರಲ್ಲಿ, ಮನುಷ್ಯರ ಮೇಲಿನ ಪ್ರಯೋಗಗಳಿಗೆ ನಿಯಮ ಹಾಕಿದ ನ್ಯೂರೆಂಬರ್ಗ್ ಸಂಹಿತೆ ಬಂತು. ಅದರ ಮೊದಲ ಅಂಶವೇ ಸ್ವಯಂಪ್ರೇರಿತ ಒಪ್ಪಿಗೆ. ಅಷ್ಟು ಹೊತ್ತಿಗೆ ಈ ಕಾಯಿಲೆಗೆ ಮದ್ದಾದ ಪೆನಿಸಿಲಿನ್ನೂ ಬಂದಿತ್ತು. ಇವರಿಗೆ ಅದೂ ಇಲ್ಲ, ಇದೂ ಇಲ್ಲ. ಕೊಟ್ಟದ್ದು, ಶವಪರೀಕ್ಷೆಗೆ ಒಪ್ಪಿದರೆ ಮಣ್ಣು ಮಾಡುವ ಖರ್ಚು.