ಫೈಲ್ ಹೇಳುವ ಅಳತೆಯನ್ನು ಕಣ್ಣುಮುಚ್ಚಿ ನಂಬಬೇಡಿ

ಬೈನರಿ ಫೈಲ್ ಓದುವ ಕೋಡ್ ಬರೆಯಲು ಕೂತವರಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಒಂದೇ. ಫಾರ್ಮ್ಯಾಟಿನ ದಾಖಲೆ ತೆರೆದು, ಅದರಲ್ಲಿರುವ ಹೆಡರನ್ನು (ಫೈಲಿನ ವಿವರ ಹೇಳುವ ಭಾಗ) ಸಿ ಸ್ಟ್ರಕ್ಟ್ ಆಗಿ ಟೈಪಿಸಿ, ಅದಕ್ಕೆ ‘ಪ್ಯಾಕ್ಡ್’ (ಕ್ಷೇತ್ರಗಳ ನಡುವೆ ಖಾಲಿ ಬೈಟ್ ಬೇಡ) ಅಂತ ಹಚ್ಚಿ, ಫೈಲ್ ಓದುವ ಎಫ್‌ರೀಡ್ ಫಂಕ್ಷನ್‌ನಿಂದ ನೇರವಾಗಿ ಅದರೊಳಕ್ಕೆ ಸುರಿದುಕೊಳ್ಳುತ್ತಾರೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಮೊದಲ ಸಲಕ್ಕೇ ಓಡುತ್ತದೆ. ಓಡುತ್ತದೆ ಅನ್ನುವ ಕಾರಣಕ್ಕೇ ಆ ಕೋಡ್ ವರ್ಷಗಟ್ಟಲೆ ಉಳಿದುಬಿಡುತ್ತದೆ. ಈ ಅಭ್ಯಾಸವನ್ನು ಬಿಡಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಬದಲಿಗೆ ಏನು ಮಾಡಬೇಕು ಅನ್ನುವುದಕ್ಕೆ ಒಳ್ಳೆಯ ಮಾದರಿ ಎಲ್ಲರಿಗೂ ತೆರೆದಿದೆ: ಗ್ನೂ ಬಿನ್‌ಯುಟಿಲ್ಸ್ ಎಂಬ ಬೈನರಿ ಉಪಕರಣಗಳ ಕಂತೆಯ ಬಿಎಫ್‌ಡಿ ಲೈಬ್ರರಿ, ಅದರಲ್ಲೂ ಯಾರೂ ಅಷ್ಟಾಗಿ ಇಣುಕದ ‘ಲಿಬ್‌ಬಿಎಫ್‌ಡಿ.ಸಿ’ ಎಂಬ ಫೈಲು.

ಬಿಎಫ್‌ಡಿ ಅಂದರೆ ಬೈನರಿ ಫೈಲ್ ಡಿಸ್ಕ್ರಿಪ್ಟರ್. ಲಿಂಕರ್ ಎಲ್‌ಡಿ, ಕಂಪೈಲರ್ ಕೊಡುವ ಆಬ್ಜೆಕ್ಟ್ ಫೈಲಿನ ಒಳಗನ್ನು ತೋರಿಸುವ ಆಬ್ಜ್‌ಡಂಪ್, ಡಿಬಗರ್ ಜಿಡಿಬಿ ಎಲ್ಲವೂ ಇದರ ಮೇಲೆ ನಿಂತಿವೆ. ಇಂಟೆಲ್‌ನ ಒರೆಗಾನ್‌ನಲ್ಲಿದ್ದ ಗ್ನೂ 960 ತಂಡಕ್ಕೆ (ಐ960 ಎಂಬ ಇಂಟೆಲ್ ಚಿಪ್ಪಿನವರು) ಸಿಒಎಫ್‌ಎಫ್ ಮತ್ತು ಬಿ.ಔಟ್ ಎಂಬ ಎರಡು ಆಬ್ಜೆಕ್ಟ್ ಫೈಲ್ ಫಾರ್ಮ್ಯಾಟುಗಳು ಒಟ್ಟಿಗೆ ನಡೆಯಬೇಕಿತ್ತು. ಆ ಕೆಲಸ ವಹಿಸಿಕೊಂಡ ಸಿಗ್ನಸ್ ಸಪೋರ್ಟ್ ಕಂಪನಿಯ ಸ್ಟೀವ್ ಚೇಂಬರ್ಲಿನ್, ಜಾನ್ ಗಿಲ್ಮೋರ್, ಡೇವಿಡ್ ಹೆಂಕೆಲ್-ವ್ಯಾಲೇಸ್ ಮುಂತಾದವರು ಇದನ್ನು ಬರೆದರು. ಇದು ಬಲು ಕಷ್ಟದ ಕೆಲಸ ಅಂತ ಗ್ನೂ ಯೋಜನೆ ಶುರುಮಾಡಿದ ರಿಚರ್ಡ್ ಸ್ಟಾಲ್‌ಮನ್ ಮೊದಲೇ ಹೇಳಿದ್ದರು. ಅವರು ಹೇಳಿದ್ದೇ ಸರಿ ಅಂತ ಬಿಎಫ್‌ಡಿಯ ದಾಖಲೆಯಲ್ಲೇ ಬರೆದಿದೆ.

ಮೊದಲು ಮೆಮರಿಯ ವಿಷಯ. ಮೆಮರಿ ಕೇಳಿ ಪಡೆಯಲು ಸಿ ಲೈಬ್ರರಿಯ ಮ್ಯಾಲಕ್ ಇರುವಾಗ ‘ಬಿಎಫ್‌ಡಿ_ಮ್ಯಾಲಕ್’ ಯಾಕೆ ಬೇಕು? ಒಳಗೆ ನೋಡಿದರೆ ಹತ್ತಿಪ್ಪತ್ತು ಸಾಲು, ಅಷ್ಟೇ. ಆದರೆ ಪ್ರತಿ ಸಾಲಿಗೂ ಕಾರಣವಿದೆ. ಬಿಎಫ್‌ಡಿಯಲ್ಲಿ ಅಳತೆಯ ಟೈಪ್ ಸಾಮಾನ್ಯವಾಗಿ 64 ಬಿಟ್. 32 ಬಿಟ್ ಹೋಸ್ಟ್‌ನಲ್ಲಿ (ಪ್ರೋಗ್ರಾಂ ಓಡುವ ಯಂತ್ರದಲ್ಲಿ) ಮ್ಯಾಲಕ್‌ಗೆ ಹೋಗುವ ಸೈಜ್_ಟಿ 32 ಬಿಟ್. ಫೈಲಿನ ಹೆಡರಿನಲ್ಲಿ ಯಾರೋ 4 ಜಿಬಿ ಮೇಲೆ 16 ಬೈಟ್ ಅಂತ ಬರೆದಿದ್ದರೆ ಮೇಲಿನ ಬಿಟ್‌ಗಳು ಕತ್ತರಿಸಿ ಹೋಗಿ ಮ್ಯಾಲಕ್‌ಗೆ ಕಾಣುವುದು 16 ಮಾತ್ರ. ಅದು ಖುಷಿಯಿಂದ 16 ಬೈಟ್ ಕೊಡುತ್ತದೆ, ಕರೆದ ಕೋಡ್ ತನ್ನ ಬಳಿ 4 ಜಿಬಿ ಇದೆ ಅಂತ ಬರೆಯಲು ಹೊರಡುತ್ತದೆ. ಆದ್ದರಿಂದಲೇ ಬಿಎಫ್‌ಡಿ_ಮ್ಯಾಲಕ್ ಮೊದಲು ಆ ಸಂಖ್ಯೆಯನ್ನು ಸೈಜ್_ಟಿಗೆ ಇಳಿಸಿ, ಇಳಿಸಿದ್ದು ಮೂಲಕ್ಕೆ ಸಮವೇ ಅಂತ ಹೋಲಿಸುತ್ತದೆ. ಸೈನ್ ಇರುವ ಸಂಖ್ಯೆಯಾಗಿ ನೋಡಿದಾಗ ಋಣವಾಗುವಷ್ಟು ದೊಡ್ಡದಿದ್ದರೂ ಒಪ್ಪುವುದಿಲ್ಲ. ಸೊನ್ನೆ ಬೈಟ್ ಕೇಳಿದರೆ 1 ಬೈಟ್ ಕೊಡುತ್ತದೆ. ಯಾಕೆಂದರೆ ಮ್ಯಾಲಕ್(0) ನಲ್ (ಎಲ್ಲಿಗೂ ತೋರಿಸದ ಖಾಲಿ ಪಾಯಿಂಟರ್) ಕೊಡುವುದಕ್ಕೆ ಸಿ ಭಾಷೆಯ ಒಪ್ಪಿಗೆಯಿದೆ; ಹಾಗೆ ಕೊಟ್ಟರೆ ಖಾಲಿ ಸೆಕ್ಷನ್ (ಕೋಡ್, ಡೇಟಾ ಹೀಗೆ ಫೈಲಿನ ಒಂದು ಭಾಗ) ಇರುವ ಸರಿಯಾದ ಫೈಲಿಗೂ ‘ಮೆಮರಿ ಮುಗಿದಿದೆ’ ಎಂಬ ತಪ್ಪು ದೂರು ಬರುತ್ತದೆ.

ಮೆಮರಿ ಸಿಗದಿದ್ದಾಗ ಬಿಎಫ್‌ಡಿ_ಮ್ಯಾಲಕ್ ಎರರ್ ಕೋಡ್ ಇಟ್ಟು ನಲ್ ಹಿಂದಿರುಗಿಸುತ್ತದೆ, ಪ್ರೋಗ್ರಾಂ ನಿಲ್ಲಿಸುವುದಿಲ್ಲ. ಅದೇ ಸೋರ್ಸ್ ಮರದಲ್ಲಿರುವ ಲಿಬಿಬರ್ಟಿ ಎಂಬ ಸಹಾಯಕ ಲೈಬ್ರರಿಯ ‘ಎಕ್ಸ್‌ಮ್ಯಾಲಕ್’ ಮೆಮರಿ ಸಿಗದಿದ್ದರೆ ಎಕ್ಸಿಟ್ ಮಾಡಿಬಿಡುತ್ತದೆ. ಒಂದು ಸಣ್ಣ ಕಮಾಂಡಿಗೆ ಅದು ಸಾಕು. ಲೈಬ್ರರಿ ಹಾಗೆ ಮಾಡಬಾರದು: ಜಿಡಿಬಿಯಲ್ಲಿ ಎರಡು ಗಂಟೆ ಡಿಬಗ್ ಮಾಡುತ್ತಿರುವವರು ಒಂದು ಕೆಟ್ಟ ಆಬ್ಜೆಕ್ಟ್ ಫೈಲ್ ತೆರೆದರೆಂದು ಇಡೀ ಸೆಷನ್ ಹೋಗಬೇಕೇ?

ಗುಣಾಕಾರ ಇನ್ನೊಂದು ಹೊಂಡ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಇಎಲ್‌ಎಫ್ ಫಾರ್ಮ್ಯಾಟಿನ 64 ಬಿಟ್ ರೂಪದಲ್ಲಿ ಒಂದು ಸಿಂಬಲ್ (ಫಂಕ್ಷನ್, ವೇರಿಯಬಲ್‌ನಂಥವುಗಳ ಹೆಸರು) ನಮೂದು 24 ಬೈಟ್. ಎಣಿಕೆ ಫೈಲಿನಿಂದ ಬರುತ್ತದೆ, ನಾವು 24ರಿಂದ ಗುಣಿಸಿ ಮೆಮರಿ ಕೇಳುತ್ತೇವೆ. ಎಣಿಕೆ 17,89,56,971 ಆಗಿದ್ದು ಲೆಕ್ಕ 32 ಬಿಟ್‌ನಲ್ಲಿ ನಡೆದರೆ ಗುಣಲಬ್ಧ ಸುತ್ತಿಕೊಂಡು 8 ಆಗುತ್ತದೆ. ಎಂಟೇ ಎಂಟು ಬೈಟು! ಬಿಎಫ್‌ಡಿಯಲ್ಲಿ ಇದಕ್ಕೆ ‘_ಬಿಎಫ್‌ಡಿ_ಮಲ್_ಓವರ್‌ಫ್ಲೋ’ ಇದೆ. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇರುವ ಬಿಲ್ಟ್‌ಇನ್ ಅನ್ನೇ ಬಳಸಿಕೊಂಡು ಓವರ್‌ಫ್ಲೋ ಆಯಿತೇ ಅಂತ ಹೇಳುತ್ತದೆ. ನಿಮ್ಮ ಕೋಡಿನಲ್ಲಿ ಮ್ಯಾಲಕ್‌ನ ಆವರಣದೊಳಗೆ ನಕ್ಷತ್ರ ಚಿಹ್ನೆ ಕಂಡಲ್ಲೆಲ್ಲ ಒಮ್ಮೆ ನಿಂತು ನೋಡಿ. ಕೂಡುವಾಗಲೂ ಇದೇ ಅಪಾಯ. 2012ರಲ್ಲಿ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2012-3509 ಎಂದು ದಾಖಲಾದ ದೋಷ ಇಂಥದ್ದೇ: ಲಿಬಿಬರ್ಟಿಯ ‘ಆಬ್ಜ್‌ಅಲಾಕ್’ನಲ್ಲಿ ಕೇಳಿದ ಅಳತೆಗೆ ತುಂಡಿನ ಹೆಡರಿನ ಅಳತೆಯನ್ನು ಕೂಡಿಸುವಾಗ ಸಂಖ್ಯೆ ಸುತ್ತಿಕೊಳ್ಳುತ್ತಿತ್ತು. ಮೆಮರಿ ಹಂಚುವ ಕೋಡಿಗೇ ಆ ಗತಿ ಬಂದಿತ್ತು ಅನ್ನುವುದನ್ನು ಗಮನಿಸಿ.

ಓವರ್‌ಫ್ಲೋ ಇಲ್ಲದಿದ್ದರೂ ಅಳತೆ ಸುಳ್ಳಿರಬಹುದು. 200 ಬೈಟಿನ ಫೈಲು ತನ್ನೊಳಗೆ 3 ಜಿಬಿ ಸೆಕ್ಷನ್ ಇದೆ ಅನ್ನಬಹುದು. ಲಿನಕ್ಸ್‌ನಲ್ಲಿ ಆ ಮ್ಯಾಲಕ್ ಅನೇಕ ಸಲ ಯಶಸ್ವಿಯಾಗುತ್ತದೆ, ಪುಟಗಳು ಮುಟ್ಟಿದಾಗ ಮಾತ್ರ ಸಿಗುತ್ತವೆ. ಅದನ್ನು ಸೊನ್ನೆಯಿಂದ ತುಂಬಲು ಹೋದಾಗ ಯಂತ್ರ ಏದುಸಿರು ಬಿಡುತ್ತದೆ, ಕೊನೆಗೆ ಕರ್ನಲ್ ಯಾವುದೋ ಪ್ರೋಸೆಸ್ಸನ್ನು ಕೊಲ್ಲುತ್ತದೆ. ‘_ಬಿಎಫ್‌ಡಿ_ಮ್ಯಾಲಕ್_ಅಂಡ್_ರೀಡ್’ ಮೆಮರಿ ಕೇಳುವ ಮೊದಲೇ ಫೈಲಿನ ನಿಜವಾದ ಉದ್ದ ನೋಡಿ, ಓದಬೇಕಾದ್ದು ಅದಕ್ಕಿಂತ ಹೆಚ್ಚಿದ್ದರೆ ‘ಫೈಲ್ ತುಂಡಾಗಿದೆ’ ಎಂಬ ಎರರ್ ಕೊಟ್ಟು ಹಿಂದಿರುಗುತ್ತದೆ. ಈ ಒಂದು ಹೋಲಿಕೆಯಿಂದ ತಪ್ಪುವ ತೊಂದರೆ ಲೆಕ್ಕವಿಲ್ಲದಷ್ಟು. ಒಂದು ಎಚ್ಚರ: ಶುರುವಿನಲ್ಲಿ ಸೊನ್ನೆಯಾಗಿರುವ ವೇರಿಯಬಲ್‌ಗಳನ್ನಿಡುವ ಬಿಎಸ್‌ಎಸ್‌ನಂಥ ಸೆಕ್ಷನ್‌ಗೆ ಫೈಲಿನಲ್ಲಿ ಬೈಟುಗಳೇ ಇರುವುದಿಲ್ಲ, ಅಳತೆ ಮಾತ್ರ ಇರುತ್ತದೆ. ಸಣ್ಣ ಫೈಲಿನಲ್ಲಿ ದೊಡ್ಡ ಬಿಎಸ್‌ಎಸ್ ಇರುವುದು ಪೂರ್ತಿ ನ್ಯಾಯಸಮ್ಮತ. ಹೋಲಿಕೆಯನ್ನು ಓದುವ ಜಾಗದಲ್ಲಿ ಇಡಿ, ಹೆಡರ್ ಪರೀಕ್ಷಿಸುವ ಜಾಗದಲ್ಲಿ ಇಟ್ಟರೆ ಒಳ್ಳೆಯ ಫೈಲುಗಳೂ ತಿರಸ್ಕಾರವಾಗುತ್ತವೆ.

ಪಡೆದ ಮೆಮರಿಯ ಅಳತೆ ಬದಲಿಸುವ ರೀಅಲಾಕ್ ಬಗ್ಗೆ ಒಂದೇ ಮಾತು. ಪಾಯಿಂಟರ್ ಪಿ ಇದ್ದಾಗ ರೀಅಲಾಕ್‌ನ ಫಲವನ್ನು ಅದೇ ಪಿಗೆ ಹಾಕಿಕೊಂಡರೆ, ವಿಫಲವಾದಾಗ ಹಳೆಯ ಮೆಮರಿಯ ವಿಳಾಸವೇ ಕಳೆದುಹೋಗುತ್ತದೆ. ವಿಫಲವಾದರೆ ಹಳೆಯದನ್ನು ತಾನೇ ಫ್ರೀ ಮಾಡುವ ‘ಬಿಎಫ್‌ಡಿ_ರೀಅಲಾಕ್_ಆರ್_ಫ್ರೀ’ ಹುಟ್ಟಿದ್ದು ಅದಕ್ಕೆ.

ಇನ್ನು ಬಿಎಫ್‌ಡಿಯ ಎರಡನೇ ಬಗೆಯ ಮೆಮರಿ. ‘ಬಿಎಫ್‌ಡಿ_ಅಲಾಕ್’ ಕೊಡುವ ಮೆಮರಿ ತೆರೆದ ಫೈಲಿಗೇ ಅಂಟಿಕೊಂಡಿರುತ್ತದೆ. ಸೆಕ್ಷನ್ ಹೆಸರು, ಸಿಂಬಲ್ ಪಟ್ಟಿ, ಹೆಡರಿನ ಒಳಪ್ರತಿ, ಹೀಗೆ ಫೈಲ್ ಇರುವತನಕ ಬೇಕಾದ ಸಾವಿರಾರು ಸಣ್ಣ ವಸ್ತುಗಳು ಇಲ್ಲಿರುತ್ತವೆ. ಬಿಎಫ್‌ಡಿ_ಕ್ಲೋಸ್ ಕರೆದಾಗ ಎಲ್ಲವೂ ಒಂದೇ ಸಲ ಹೋಗುತ್ತವೆ. ಕೆಳಗೆ ಕೆಲಸ ಮಾಡುವುದು ಆಬ್ಜ್‌ಅಲಾಕ್, 1997ರಲ್ಲಿ ಇಯಾನ್ ಲ್ಯಾನ್ಸ್ ಟೇಲರ್ ಬರೆದದ್ದು. 4096ರಲ್ಲಿ 32 ಕಳೆದು 4064 ಬೈಟಿನ ತುಂಡು ತಂದುಕೊಂಡು ಅದರಲ್ಲಿ ಪಾಯಿಂಟರ್ ಮುಂದೆ ಸರಿಸುತ್ತ ಹಂಚುತ್ತದೆ. 512 ಬೈಟ್ ಅಥವಾ ಅದಕ್ಕಿಂತ ದೊಡ್ಡದು ಕೇಳಿದರೆ, ಈಗಿನ ತುಂಡಿನಲ್ಲಿ ಜಾಗವಿಲ್ಲದಾಗ, ಅದಕ್ಕೆಂದೇ ಬೇರೆ ಮ್ಯಾಲಕ್ ಮಾಡುತ್ತದೆ. ವೇಗವೂ ಹೌದು, ಒಂದೊಂದನ್ನೂ ಫ್ರೀ ಮಾಡುವ ತಲೆನೋವೂ ಇಲ್ಲ. ಎರರ್ ಬಂದ ದಾರಿಯಲ್ಲಿ ಏನನ್ನು ಬಿಟ್ಟೆವು, ಏನನ್ನು ಮರೆತೆವು ಅಂತ ಹುಡುಕಬೇಕಿಲ್ಲ.

ಇಲ್ಲಿ ನನಗೆ ಭಯ ಹುಟ್ಟಿಸುವ ಒಂದು ಫಂಕ್ಷನ್ ಇದೆ: ‘ಬಿಎಫ್‌ಡಿ_ರಿಲೀಸ್’. ಹೆಸರು ನೋಡಿ ಫ್ರೀ ಥರ ಅಂದುಕೊಳ್ಳುವವರೇ ಹೆಚ್ಚು. ಅದು ಕೊಟ್ಟ ತುಣುಕನ್ನು ಬಿಡುವುದರ ಜೊತೆಗೆ ಅದರ ನಂತರ ಆ ಫೈಲಿನ ಹೆಸರಲ್ಲಿ ಪಡೆದ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಪೇರಿಸಿದ ಅಕ್ಕಿ ಮೂಟೆಗಳಲ್ಲಿ ಅಡಿಯದನ್ನು ಎಳೆದ ಹಾಗೆ. ಒಂದು ಫಂಕ್ಷನ್ ತಾತ್ಕಾಲಿಕ ಬಫರ್ ಅಂತ ಬಿಎಫ್‌ಡಿ_ಅಲಾಕ್ ಮಾಡುತ್ತದೆ, ನಡುವೆ ಇನ್ನೊಂದು ಫಂಕ್ಷನ್ ಹೊಸ ಸೆಕ್ಷನ್ ಸೃಷ್ಟಿಸಿ ಅದರ ಹೆಸರನ್ನು ಅಲ್ಲೇ ಇಡುತ್ತದೆ, ಕೊನೆಗೆ ಮೊದಲನೆಯದು ತನ್ನ ಬಫರ್ ಬಿಡುತ್ತದೆ. ಸೆಕ್ಷನ್ ಹೆಸರೂ ಹೋಯಿತು, ಪಾಯಿಂಟರ್ ಮಾತ್ರ ಉಳಿಯಿತು. ತಾತ್ಕಾಲಿಕಕ್ಕೆ ಬಿಎಫ್‌ಡಿ_ಮ್ಯಾಲಕ್ ಮತ್ತು ಫ್ರೀ ಬಳಸಿ, ಅಷ್ಟೇ. ಈ ವಿಚಿತ್ರ ಗುಣ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗವೂ ಇದೆ: ಫೈಲ್ ಯಾವ ಫಾರ್ಮ್ಯಾಟಿನದು ಅಂತ ಗೊತ್ತಿಲ್ಲದಾಗ ಬಿಎಫ್‌ಡಿ ಒಂದರ ಹಿಂದೊಂದು ಟಾರ್ಗೆಟ್ (ತನಗೆ ಗೊತ್ತಿರುವ ಫಾರ್ಮ್ಯಾಟ್) ಪ್ರಯತ್ನಿಸುತ್ತದೆ. ಶುರುವಿನಲ್ಲಿ 1 ಬೈಟ್ ಪಡೆದು ಗುರುತಾಗಿ ಇಟ್ಟುಕೊಳ್ಳುತ್ತದೆ. ಪ್ರಯತ್ನ ಸೋತರೆ ಆ ಗುರುತನ್ನು ಬಿಡುಗಡೆ ಮಾಡುತ್ತದೆ, ನಡುವೆ ರಾಶಿಬಿದ್ದದ್ದೆಲ್ಲ ಒಂದೇ ಏಟಿಗೆ ಸ್ವಚ್ಛ.

ಇನ್ನೆರಡು ತಪ್ಪು ಪದೇಪದೇ ಕಾಣುತ್ತವೆ. ಬಿಎಫ್‌ಡಿ_ಅಲಾಕ್ ಕೊಟ್ಟ ಪಾಯಿಂಟರನ್ನು ಫ್ರೀಗೆ ಕೊಡುವುದು ಒಂದು. ಅದು ತುಂಡಿನ ನಡುವಿನ ವಿಳಾಸ, ಹೀಪ್ (ಮ್ಯಾಲಕ್ ಹಂಚುವ ಮೆಮರಿ) ಹಾಳಾಗುತ್ತದೆ. ಫೈಲ್ ಮುಚ್ಚಿದ ಮೇಲೂ ಸಿಂಬಲ್ ಹೆಸರನ್ನು ಇಟ್ಟುಕೊಳ್ಳುವುದು ಇನ್ನೊಂದು. ಬೇಕಿದ್ದರೆ ಮುಚ್ಚುವ ಮೊದಲು ನಕಲು ಮಾಡಿಕೊಳ್ಳಿ. ಇಂಥ ಅಲೊಕೇಟರ್ ನೀವೇ ಬರೆಯುವುದಾದರೆ, ಪ್ರತಿ ವಸ್ತುವನ್ನೂ ನೇರ ಮ್ಯಾಲಕ್‌ಗೆ ಕಳಿಸುವ ಒಂದು ಡಿಬಗ್ ಸ್ವಿಚ್ ಇಡಿ. ಒಂದೇ ತುಂಡಿನೊಳಗೆ ಪಕ್ಕದ ವಸ್ತುವಿನ ಮೇಲೆ ಬರೆದರೆ ಮೆಮರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್‌ಗೆ ಗೊತ್ತೇ ಆಗುವುದಿಲ್ಲ.

ಈಗ ಬೈಟ್ ಕ್ರಮಕ್ಕೆ ಬರೋಣ. ಇಎಲ್‌ಎಫ್ ಫೈಲಿನಲ್ಲಿ ಬೈಟುಗಳನ್ನು ಸೊನ್ನೆಯಿಂದ ಎಣಿಸಿದರೆ 5ನೆಯದು ಕ್ರಮ ಹೇಳುತ್ತದೆ: 1 ಇದ್ದರೆ ಲಿಟಲ್ ಎಂಡಿಯನ್ (ಸಂಖ್ಯೆಯ ಕಿರಿಯ ಬೈಟ್ ಮೊದಲು), 2 ಇದ್ದರೆ ಬಿಗ್ ಎಂಡಿಯನ್ (ಹಿರಿಯ ಬೈಟ್ ಮೊದಲು). ಇದನ್ನು ನೋಡಿ ‘ಹೋಸ್ಟ್ ಬೇರೆ ಥರದ್ದಾಗಿದ್ದರೆ ಬೈಟ್ ತಿರುಗಿಸು’ ಅಂತ ಇಫ್‌ಡೆಫ್ (ಕಂಪೈಲ್ ಆಗುವಾಗ ಯಂತ್ರ ನೋಡಿ ಆರಿಸುವ ಷರತ್ತು) ತುಂಬಿದ ಕೋಡ್ ಬರೆಯುವವರಿದ್ದಾರೆ. ಹೋಸ್ಟ್ ಯಾವ ಥರದ್ದು ಅನ್ನುವ ಪ್ರಶ್ನೆಯನ್ನೇ ಕೇಳಬೇಕಿಲ್ಲ. ‘ಬಿಎಫ್‌ಡಿ_ಗೆಟ್‌ಎಲ್32’ ನಾಲ್ಕು ಬೈಟುಗಳನ್ನು ಒಂದೊಂದಾಗಿ ತೆಗೆದು 0, 8, 16, 24 ಬಿಟ್ ಎಡಕ್ಕೆ ಸರಿಸಿ ಸೇರಿಸುತ್ತದೆ. ‘ಬಿಎಫ್‌ಡಿ_ಗೆಟ್‌ಬಿ32’ ಅದನ್ನೇ ಉಲ್ಟಾ ಕ್ರಮದಲ್ಲಿ ಮಾಡುತ್ತದೆ. ಯಾವ ಯಂತ್ರದ ಮೇಲೂ ಉತ್ತರ ಒಂದೇ. ವಿಳಾಸ 4ರ ಗುಣಕವಾಗಿರಬೇಕು ಎಂಬ ಹಂಗೂ ಇಲ್ಲ. ಬಫರಿನ ಬೆಸ ವಿಳಾಸವನ್ನು 32 ಬಿಟ್ ಪಾಯಿಂಟರ್ ಆಗಿ ಕಾಸ್ಟ್ ಮಾಡಿ ಓದಿದರೆ ಸ್ಪಾರ್ಕ್ ಯಂತ್ರದಲ್ಲಿ ಬಸ್ ಎರರ್ ಬಂದು ಪ್ರೋಗ್ರಾಂ ಸಾಯುತ್ತದೆ. ನಿಧಾನವಾಗುತ್ತದೆ ಅಂತ ಅಂಜುವವರು ಒಮ್ಮೆ ಅಸೆಂಬ್ಲಿ ನೋಡಲಿ: ಈಗಿನ ಜಿಸಿಸಿ, ಕ್ಲ್ಯಾಂಗ್ ಈ ನಮೂನೆಯನ್ನು ಗುರುತಿಸಿ ಒಂದು ಲೋಡ್, ಬೇಕಿದ್ದರೆ ಒಂದು ಬೈಟ್‌ಸ್ವಾಪ್ ಆಗಿ ಇಳಿಸುತ್ತವೆ.

ಈ ಸರಳ ಕೋಡಿನಲ್ಲೂ ಎಡವುವ ಕಲ್ಲು ಒಂದಿದೆ. ಸಿ ಭಾಷೆಯಲ್ಲಿ 8 ಬಿಟ್ ಅನ್‌ಸೈನ್ಡ್ ಕ್ಯಾರ್ ಅನ್ನು ಶಿಫ್ಟ್ ಮಾಡುವಾಗ ಅದು ಮೊದಲು ಸೈನ್ ಇರುವ ಇಂಟ್ ಆಗುತ್ತದೆ. ಬೈಟಿನ ಬೆಲೆ 128 ಅಥವಾ ಹೆಚ್ಚಿದ್ದು 24 ಬಿಟ್ ಸರಿಸಿದರೆ ಸೈನ್ ಬಿಟ್ ತುಂಬಿಹೋಗುತ್ತದೆ. ಭಾಷೆಯ ನಿಯಮದ ಪ್ರಕಾರ ಅದು ಅನಿರ್ದಿಷ್ಟ ವರ್ತನೆ. ನಡೆದರೂ, ಫಲವನ್ನು 64 ಬಿಟ್ ವಿಳಾಸಕ್ಕೆ ಹಾಕಿದಾಗ ಮೇಲಿನ 32 ಬಿಟ್ ಪೂರ್ತಿ 1 ಆಗುತ್ತವೆ. ಕೆಳಗಿನ 2 ಜಿಬಿಯ ವಿಳಾಸಗಳೆಲ್ಲ ಸರಿ, ಅದರಾಚೆಯವು ಮಾತ್ರ ಹುಚ್ಚುಹುಚ್ಚಾಗಿ ಕಾಣುವ ಬಗ್ ಅಂದರೆ ಬಹುತೇಕ ಇದೇ. ಬಿಎಫ್‌ಡಿ ಅದಕ್ಕೇ ಸರಿಸುವ ಮೊದಲೇ ಅಗಲವಾದ ಅನ್‌ಸೈನ್ಡ್ ಟೈಪಿಗೆ ಬದಲಿಸಿಕೊಳ್ಳುತ್ತದೆ. ಸೈನ್ ಬೇಕಾದಾಗ ಬೇರೆಯೇ ಫಂಕ್ಷನ್: 16 ಬಿಟ್ ಬೆಲೆಯನ್ನು 32768ರೊಂದಿಗೆ ಎಕ್ಸಾರ್ (ಬಿಟ್‌ಗಳು ಬೇರೆಯಿದ್ದಲ್ಲಿ 1, ಒಂದೇ ಇದ್ದಲ್ಲಿ 0) ಮಾಡಿ, ಅಷ್ಟನ್ನೇ ಕಳೆಯುತ್ತದೆ. 65535 ಹಾಕಿ ನೋಡಿ: ಎಕ್ಸಾರ್ ಮಾಡಿದರೆ 32767, ಕಳೆದರೆ −1. ಇಫ್ ಇಲ್ಲ, ಶಿಫ್ಟ್ ಇಲ್ಲ. ಬಹಳ ಅಚ್ಚುಕಟ್ಟು.

ಹೆಡರಿನ ಕ್ರಮ ಬೇರೆ, ಡೇಟಾದ ಕ್ರಮ ಬೇರೆ ಅಂತ ಬಿಎಫ್‌ಡಿ ಎರಡು ಜೊತೆ ಫಂಕ್ಷನ್ ಇಟ್ಟುಕೊಂಡಿದೆ: ಸೆಕ್ಷನ್ ಒಳಗಿನದಕ್ಕೆ ‘ಬಿಎಫ್‌ಡಿ_ಗೆಟ್_32’, ಹೆಡರಿಗೆ ‘ಎಚ್_ಗೆಟ್_32’. ಇದು ಅತಿಯಾಯಿತು ಅನ್ನುವವರಿಗೆ ಐ960 ಉತ್ತರ. ಆ ಚಿಪ್ಪಿನ ಬಿ.ಔಟ್‌ಗೆ ಬಿಗ್ ಎಂಡಿಯನ್ ಹೋಸ್ಟ್‌ಗೆಂದೇ ಒಂದು ಟಾರ್ಗೆಟ್ ಇತ್ತು, ಅದರಲ್ಲಿ ಡೇಟಾ ಲಿಟಲ್, ಹೆಡರ್ ಬಿಗ್. ಐ960 ಬೆಂಬಲವನ್ನು 2018ರಲ್ಲಿ ತೆಗೆದರು, ಆದರೆ ಸಮಸ್ಯೆ ಹೋಗಿಲ್ಲ. ಆರ್ಮ್‌ನ ಬಿಇ8 ಮಾದರಿಯಲ್ಲಿ ಡೇಟಾ ಬಿಗ್, ಇನ್‌ಸ್ಟ್ರಕ್ಷನ್ ಲಿಟಲ್. ಹೆಡರಿನಲ್ಲಿ ಅದಕ್ಕೆ ಪ್ರತ್ಯೇಕ ಫ್ಲ್ಯಾಗ್ ನೋಡಬೇಕು. ಸ್ಟ್ಯಾಟಿಕ್ ಲೈಬ್ರರಿಗಳ ಆರ್ಕೈವ್ ಇನ್ನೂ ಸ್ವಾರಸ್ಯದ್ದು: ಒಳಗಿರುವ ಆಬ್ಜೆಕ್ಟ್‌ಗಳೆಲ್ಲ ಇಂಟೆಲ್‌ನವೇ ಆಗಿದ್ದರೂ ಗ್ನೂ ಶೈಲಿಯ ಸಿಂಬಲ್ ಸೂಚಿಯ ಎಣಿಕೆ ಮತ್ತು ಆಫ್‌ಸೆಟ್‌ಗಳು ತಲಾ 4 ಬೈಟಿನ ಬಿಗ್ ಎಂಡಿಯನ್. ಅದಕ್ಕೆಂದೇ ಲಿಬ್‌ಬಿಎಫ್‌ಡಿ.ಸಿಯಲ್ಲಿ ಒಂದು ಪುಟ್ಟ ಫಂಕ್ಷನ್ ಇದೆ. ಇಎಲ್‌ಎಫ್‌ನಲ್ಲಿ ಸಾಮಾನ್ಯವಾಗಿ ಎರಡೂ ಕ್ರಮ ಒಂದೇ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೂ ಪರೀಕ್ಷೆಗಳೆಲ್ಲ ಪಾಸಾಗುತ್ತವೆ, ಆದ್ದರಿಂದ ಕೋಡ್ ಓದುವಾಗಲೇ ಹಿಡಿಯಬೇಕು.

ಸ್ಟ್ರಕ್ಟ್ ಬೇಡವೇ ಬೇಡ ಅಂತಲ್ಲ. ಬಿಎಫ್‌ಡಿಯಲ್ಲಿ ಪ್ರತಿ ರಚನೆಗೂ ಎರಡು ರೂಪ. ಹೊರರೂಪದ ಎಲ್ಲ ಕ್ಷೇತ್ರಗಳೂ ಅನ್‌ಸೈನ್ಡ್ ಕ್ಯಾರ್‌ನ ಅರೇಗಳು, 2 ಬೈಟು, 4 ಬೈಟು, ಹೀಗೆ. ಪ್ಯಾಡಿಂಗ್ (ಕ್ಷೇತ್ರಗಳ ನಡುವಿನ ಖಾಲಿ ಬೈಟು) ನುಸುಳಲು ಜಾಗವಿಲ್ಲ. ಒಳರೂಪ ನಮ್ಮ ಅನುಕೂಲದ್ದು, 32 ಬಿಟ್ ಮತ್ತು 64 ಬಿಟ್ ಫೈಲುಗಳಿಗೆ ಒಂದೇ. ನಡುವೆ ‘ಸ್ವಾಪ್ ಇನ್’, ‘ಸ್ವಾಪ್ ಔಟ್’ ಫಂಕ್ಷನ್‌ಗಳು. ಸ್ವಾಪ್ ಇನ್ ದಾಟಿದ ಮೇಲೆ ಬೈಟ್ ಕ್ರಮದ ಮಾತೇ ಏಳುವುದಿಲ್ಲ.

ಈ ಗೆಟ್ ಫಂಕ್ಷನ್‌ಗಳಿಗೆ ಬಫರಿನ ಉದ್ದ ಗೊತ್ತಿಲ್ಲ ಅನ್ನುವುದನ್ನು ಮರೆಯಬಾರದು. ಪಾಯಿಂಟರ್ ಕೊಟ್ಟರೆ ನಾಲ್ಕು ಬೈಟ್ ಓದುತ್ತವೆ, ಬಫರ್ ಮುಗಿದಿದ್ದರೂ ಓದುತ್ತವೆ. ಇದು ಬಿಎಫ್‌ಡಿಯ ನಿಜವಾದ ಕೊರತೆ. ಹೊಸದಾಗಿ ಬರೆಯುವವರು ಶುರು, ಕೊನೆ ಎರಡನ್ನೂ ಹಿಡಿದ ರೀಡರ್ ಮಾಡಿಕೊಳ್ಳುವುದು ಲೇಸು. ಪರೀಕ್ಷೆಯನ್ನು ‘ಕೊನೆಯಿಂದ ಪಿ ಕಳೆದರೆ 4ಕ್ಕಿಂತ ಕಡಿಮೆಯೇ’ ಅಂತ ಬರೆಯಿರಿ. ‘ಪಿಗೆ 4 ಕೂಡಿದರೆ ಕೊನೆ ದಾಟುತ್ತದೆಯೇ’ ಅಂತ ಬರೆದರೆ, 4ರ ಜಾಗದಲ್ಲಿ ಫೈಲಿನಿಂದ ಬಂದ ದೊಡ್ಡ ಸಂಖ್ಯೆ ಇದ್ದಾಗ ಕೂಡಿಕೆಯೇ ಸುತ್ತಿಕೊಳ್ಳುತ್ತದೆ. ಆಫ್‌ಸೆಟ್‌ಗೂ ಹಾಗೆಯೇ: ಮೊದಲು ಆಫ್‌ಸೆಟ್ ಒಟ್ಟು ಉದ್ದದೊಳಗಿದೆಯೇ ನೋಡಿ, ಆಮೇಲೆ ಉಳಿದ ಭಾಗಕ್ಕೆ ಬೇಕಾದ ಉದ್ದವನ್ನು ಹೋಲಿಸಿ.

ಪರೀಕ್ಷಿಸುವುದು ಕಷ್ಟವಲ್ಲ. ಕೆಲವೇ ಕೆಬಿ ಇರುವ ಸರಿಯಾದ ಒಂದು ಫೈಲ್ ತಗೊಂಡು 0 ಬೈಟಿನಿಂದ ಪೂರ್ತಿ ಉದ್ದದವರೆಗೆ ಒಂದೊಂದೇ ಬೈಟ್ ಹೆಚ್ಚಿಸುತ್ತ ಕತ್ತರಿಸಿದ ಪ್ರತಿಗಳನ್ನು ಮಾಡಿ, ಎಲ್ಲವನ್ನೂ ಅಡ್ರೆಸ್ ಮತ್ತು ಅನ್‌ಡಿಫೈನ್ಡ್ ಸ್ಯಾನಿಟೈಸರ್ ಹಾಕಿ ಕಟ್ಟಿದ ಪ್ರೋಗ್ರಾಮಿಗೆ ಕೊಡಿ. ಆಮೇಲೆ ಅದೇ ಪ್ರೋಗ್ರಾಮನ್ನು ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್‌ಗೆ ಕ್ರಾಸ್ ಕಂಪೈಲ್ ಮಾಡಿ, ಬೇರೆ ಚಿಪ್ಪನ್ನು ಅನುಕರಿಸುವ ಕ್ಯೂಇಎಂಯು ಯೂಸರ್ ಮೋಡ್‌ನಲ್ಲಿ ಓಡಿಸಿ; ಅದು ಬಿಗ್ ಎಂಡಿಯನ್, ಹೋಸ್ಟ್ ಮೇಲೆ ಕದ್ದುಮುಚ್ಚಿ ಅವಲಂಬಿಸಿದ ಸಾಲು ಅಲ್ಲಿ ಸಿಕ್ಕಿಬೀಳುತ್ತದೆ. ಬಿಎಫ್‌ಡಿಯನ್ನೇ ತಿದ್ದುವವರು ಕಾನ್ಫಿಗರ್ ಮಾಡುವಾಗ ಎಲ್ಲ ಟಾರ್ಗೆಟ್‌ಗಳನ್ನೂ ಸೇರಿಸುವ ಆಯ್ಕೆ ಕೊಟ್ಟು ಕಟ್ಟಬೇಕು. ತಮ್ಮ ಯಂತ್ರದ ಟಾರ್ಗೆಟ್ ಮಾತ್ರ ಕಟ್ಟಿದರೆ ಉಳಿದ ಫಾರ್ಮ್ಯಾಟ್‌ಗಳ ಕೋಡ್ ಕಂಪೈಲ್ ಕೂಡ ಆಗಿರುವುದಿಲ್ಲ.